ಟಾರ್ನೇಡೋ ಹುಟ್ಟೋದು ಹೇಗೆ? ಊರಿಂದಲೂ ಇಲ್ಲಿಂದಲೂ ಪದೇ ಪದೇ ಬರೋ ಪ್ರಶ್ನೆಗಳು

ನಾನಿರೋದು ಟೆಕ್ಸಸ್‌ನಲ್ಲಿ, ಡಾಲಸ್ ಪಕ್ಕದ ರಿಚರ್ಡ್‌ಸನ್. ಹುಟ್ಟಿ ಬೆಳೆದಿದ್ದು ಚಳ್ಳಕೆರೆ ಕಡೆ. ಪ್ರತಿ ವರ್ಷ ಏಪ್ರಿಲ್-ಮೇ ಬಂತು ಅಂದ್ರೆ ಟಿವಿಲಿ ಅಮೆರಿಕದ ಸುಂಟರಗಾಳಿ ತೋರಿಸ್ತಾರೆ, ಅದರ ಬೆನ್ನಿಗೇ ಊರಿಂದ ಫೋನ್ ಮೇಲೆ ಫೋನ್. ಇಲ್ಲಿಗೆ ಹೊಸದಾಗಿ ಓದೋಕೆ ಬರೋ ಹುಡುಗ್ರು, ಮಗಳ ಬಾಣಂತನಕ್ಕೆ ಅಂತ ಬಂದಿರೋ ಅಪ್ಪ-ಅಮ್ಮಂದಿರು ಎಲ್ರೂ ಕೇಳೋದು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳು. ನಾನು ಹವಾಮಾನ ವಿಜ್ಞಾನಿ ಅಲ್ಲ, ಆದ್ರೆ 2019ರಲ್ಲಿ ಒಂದು ಟಾರ್ನೇಡೋ ನಮ್ಮ ಮನೆ ಹತ್ರಾನೇ ಹಾದು ಹೋಯ್ತು, ಅವತ್ತಿಂದ ಇದನ್ನ ಬಿಡದೆ ಓದ್ತಾ ಬಂದಿದೀನಿ, ತಿಳ್ಕೊಂಡಿದ್ದನ್ನ ಒಂದ್ಕಡೆ ಬರೆದಿಡೋಣ ಅಂತ ಇದು.

ಟಾರ್ನೇಡೋ, ಸೈಕ್ಲೋನ್, ಚಂಡಮಾರುತ, ಸುಂಟರಗಾಳಿ, ಎಲ್ಲ ಒಂದೇ ಅಲ್ವಾ?

ಅಲ್ಲ. ನಮ್ಮ ಟಿವಿಯವರು ಎಲ್ಲದಕ್ಕೂ ಒಂದೊಂದ್ಸಲ ಒಂದೊಂದು ಹೆಸರು ಹಾಕಿ ಗೊಂದಲ ಮಾಡಿಬಿಟ್ಟಿದಾರೆ. ಬಂಗಾಳ ಕೊಲ್ಲಿಲಿ ಏಳೋ ಸೈಕ್ಲೋನ್, ಅಂದ್ರೆ ಚಂಡಮಾರುತ, ಸಮುದ್ರದ ಮೇಲೆ ಹುಟ್ಟಿ ನೂರಾರು ಕಿಲೋಮೀಟರ್ ಅಗಲ ಇರುತ್ತೆ, ದಿನಗಟ್ಟಲೆ ಬದುಕಿರುತ್ತೆ, ಸ್ಯಾಟಲೈಟ್‌ನಲ್ಲಿ ಕಾಣುತ್ತೆ, ಮೂರ್ನಾಲ್ಕು ದಿನ ಮುಂಚೇನೇ ಜನರನ್ನ ಖಾಲಿ ಮಾಡಿಸಬಹುದು. ಟಾರ್ನೇಡೋ ಅಂದ್ರೆ ಒಂದು ಗುಡುಗು ಮಳೆ ಮೋಡದ ಹೊಟ್ಟೆಯಿಂದ ನೆಲದ ತನಕ ನಿಂತಿರೋ ಗಾಳಿಯ ಕಂಬ. ಅಗಲ ಸಾಮಾನ್ಯವಾಗಿ ಕೆಲವು ನೂರು ಮೀಟರ್, ಆಯಸ್ಸು ಬಹಳಷ್ಟು ಸಲ ಹತ್ತು ನಿಮಿಷ. ಕನ್ನಡದಲ್ಲಿ ಸುಂಟರಗಾಳಿ ಅನ್ನೋ ಪದ ಸರಿಯಾಗೇ ಇದೆ, ಆದ್ರೆ ಜೋರಾಗಿ ಬೀಸಿದ ಗಾಳಿಗೆಲ್ಲ ಅದನ್ನೇ ಬಳಸ್ತಾರಲ್ಲ, ಅದಕ್ಕೆ ನಾನಿಲ್ಲಿ ಟಾರ್ನೇಡೋ ಅಂತಾನೇ ಬರೀತೀನಿ.

ಮತ್ತೆ ನಮ್ಮೂರ ಹೊಲದಲ್ಲಿ ಬೇಸಿಗೇಲಿ ಏಳೋ ಸುಳಿಗಾಳಿ?

ಅದು ಬೇರೇನೇ. ಶೇಂಗಾ ಕಿತ್ತ ಮೇಲೆ ಖಾಲಿ ಬಿದ್ದಿರೋ ಹೊಲದಲ್ಲಿ ಮಟಮಟ ಮಧ್ಯಾಹ್ನ ಧೂಳು, ಒಣಗಿದ ಎಲೆ, ಪ್ಲಾಸ್ಟಿಕ್ ಕವರು ಎಲ್ಲ ಎತ್ಕೊಂಡು ಗಿರಗಿರ ಸುತ್ತುತ್ತಲ್ಲ, ನಾವು ಚಿಕ್ಕವರಿದ್ದಾಗ ದೆವ್ವ ಬಂತು ಅಂತ ಓಡ್ತಿದ್ವಿ. ಅದು ಹುಟ್ಟೋದು ನೆಲದ ಕಾವಿಂದ. ನೆಲ ಕಾದು ಅದರ ಮೇಲಿನ ಗಾಳಿ ಎದ್ದಾಗ ಸುತ್ತಲಿನ ಗಾಳಿ ಒಳಗೆ ನುಗ್ಗಿ ಸುಳಿ ಆಗುತ್ತೆ, ಆದ್ರೆ ಮೇಲೆ ನೋಡಿದ್ರೆ ಆಕಾಶ ತಿಳಿಯಾಗಿರುತ್ತೆ, ಮೋಡಾನೇ ಇರಲ್ಲ. ಟಾರ್ನೇಡೋಗೆ ಮೇಲೆ ಮೋಡ ಬೇಕೇ ಬೇಕು, ಅದರ ಶಕ್ತಿ ಎಲ್ಲ ಬರೋದೇ ಹದಿನೈದು ಕಿಲೋಮೀಟರ್ ಎತ್ತರದ ಆ ಮೋಡದಿಂದ. ನೋಡೋಕೆ ಅಣ್ಣತಮ್ಮಂದಿರ ಥರ ಇದ್ರೂ ಸಂಬಂಧ ಇಲ್ಲ.

ಜಗತ್ತೆಲ್ಲ ಬಿಟ್ಟು ಅಮೆರಿಕದಲ್ಲೇ ಯಾಕೆ ಇಷ್ಟೊಂದು?

ಬೇರೆ ಕಡೆನೂ ಆಗುತ್ತೆ, ಆದ್ರೆ ವರ್ಷಕ್ಕೆ ಸುಮಾರು 1200 ಟಾರ್ನೇಡೋ ಆಗೋ ದೇಶ ಇದೊಂದೇ. ಕಾರಣ ಇಲ್ಲಿನ ನೆಲದ ಆಕಾರ. ಒಂದು ಮ್ಯಾಪ್ ಮುಂದೆ ಇಟ್ಕೊಳ್ಳಿ. ಟೆಕ್ಸಸ್, ಒಕ್ಲಹೋಮ, ಕ್ಯಾನ್ಸಸ್, ನೆಬ್ರಾಸ್ಕ, ಇವೆಲ್ಲ ಚಪ್ಪಟೆ ಬಯಲು. ದಕ್ಷಿಣಕ್ಕೆ ಗಲ್ಫ್ ಆಫ್ ಮೆಕ್ಸಿಕೋ, ಬೆಚ್ಚಗಿನ ಸಮುದ್ರ, ಅಲ್ಲಿಂದ ಹಸಿ ಗಾಳಿ ಯಾವ ಅಡ್ಡಿನೂ ಇಲ್ದೆ ಬಯಲಿನ ಮೇಲೆ ಹರ್ಕೊಂಡು ಬರುತ್ತೆ. ನೈಋತ್ಯಕ್ಕೆ ಮೆಕ್ಸಿಕೋ, ನ್ಯೂ ಮೆಕ್ಸಿಕೋದ ಎತ್ತರದ ಒಣ ಪ್ರಸ್ಥಭೂಮಿ, ಅಲ್ಲಿ ಕಾದ ಒಣಗಾಳಿ ಪೂರ್ವಕ್ಕೆ ಬಂದಾಗ ಈ ಹಸಿ ಗಾಳಿಯ ತಲೆ ಮೇಲೆ ಕೂತ್ಕೊಳುತ್ತೆ. ಪಶ್ಚಿಮಕ್ಕೆ ರಾಕಿ ಪರ್ವತ, ಅದನ್ನೂ ದಾಟಿ ಇನ್ನೂ ಎತ್ತರದಲ್ಲಿ ತಣ್ಣನೆ ಗಾಳಿ, ಜೆಟ್ ಸ್ಟ್ರೀಮ್ ಅನ್ನೋ ಎತ್ತರದ ಗಾಳಿಯ ಹೊಳೆ, ಪಶ್ಚಿಮದಿಂದ ಜೋರಾಗಿ ಬೀಸ್ತಿರುತ್ತೆ. ಕೆಳಗೆ ಹಸಿ ಬಿಸಿ, ನಡುವೆ ಒಣ ಬಿಸಿ, ಮೇಲೆ ಚಳಿ, ಮೂರೂ ಬೇರೆ ಬೇರೆ ದಿಕ್ಕಿಂದ ಬೇರೆ ಬೇರೆ ವೇಗದಲ್ಲಿ. ಇಂಥ ಜೋಡಣೆ ಇಷ್ಟು ದೊಡ್ಡ ಜಾಗದ ಮೇಲೆ ಇಷ್ಟು ಸಲ ಆಗೋದು ಭೂಮಿ ಮೇಲೆ ಇನ್ನೆಲ್ಲೂ ಇಲ್ಲ.

ಟಾರ್ನೇಡೋ ಆಲಿ, ಅಂದ್ರೆ ಟಾರ್ನೇಡೋ ಓಣಿ, ಅಂತ ಈ ಬಯಲಿಗೆ ಹೆಸರು ಬಂದಿದ್ರೂ ಜನ ಜಾಸ್ತಿ ಸಾಯೋದು ಪೂರ್ವಕ್ಕಿರೋ ಮಿಸಿಸಿಪಿ, ಅಲಬಾಮ, ಟೆನೆಸಿ ಕಡೆ. ಅಲ್ಲಿ ಕಾಡು, ಗುಡ್ಡ, ಮಳೆ ಒಳಗೆ ಮುಚ್ಕೊಂಡು ಬರೋ ಟಾರ್ನೇಡೋ ಕಾಣೋದೇ ಇಲ್ಲ, ಎಷ್ಟೋ ರಾತ್ರಿ ಹೊತ್ತಲ್ಲಿ ಬರ್ತವೆ, ಮತ್ತೆ ಬಡವರು ವಾಸ ಮಾಡೋ ಮೊಬೈಲ್ ಹೋಮ್‌ಗಳು, ಅಂದ್ರೆ ಸಾಗಿಸಿ ತಂದು ಇಟ್ಟ ಹಗುರ ಮನೆಗಳು, ಜಾಸ್ತಿ.

ಬೆಳಗ್ಗೆಯಿಂದ ಬಿಸಿಲು ಹೊಡೀತಿತ್ತು, ಸಂಜೆ ಇದ್ದಕ್ಕಿದ್ದಂಗೆ ಆಕಾಶ ಕಪ್ಪಾಯ್ತು, ಹಾಗ್ಯಾಕೆ?

ಒಲೆ ಮೇಲೆ ಹಾಲಿಟ್ಟಾಗ ನೋಡಿರ್ತೀರ, ಮೇಲೆ ಕೆನೆ ಕಟ್ಟಿರುತ್ತೆ, ಕೆಳಗೆ ಹಾಲು ಕಾಯ್ತಾ ಇದ್ರೂ ಮೇಲೆ ಏನೂ ಗೊತ್ತಾಗಲ್ಲ, ಆಮೇಲೆ ಒಂದೇ ಕ್ಷಣದಲ್ಲಿ ಕೆನೆ ಒಡೆದು ಉಕ್ಕಿ ಒಲೆ ಎಲ್ಲ ಹಾಲು. ಇಲ್ಲಿ ನಡುವೆ ಬಂದು ಕೂತಿರೋ ಆ ಒಣ ಬಿಸಿ ಗಾಳಿನೇ ಕೆನೆ. ಕೆಳಗಿನ ಹಸಿ ಗಾಳಿ ಮೇಲೇಳೋಕೆ ನೋಡುತ್ತೆ, ಆದ್ರೆ ಮೇಲಿರೋದು ತನಗಿಂತ ಬಿಸಿ ಆಗಿದ್ರಿಂದ ಏಳೋಕಾಗಲ್ಲ. ಹಂಗಾಗಿ ಮಧ್ಯಾಹ್ನದ ತನಕ ಸಣ್ಣ ಸಣ್ಣ ಮೋಡ ಹುಟ್ಟಿ ಅಲ್ಲೇ ಸಾಯ್ತವೆ, ಶಕ್ತಿ ಮಾತ್ರ ಕೆಳಗೆ ಕೂಡ್ತಾ ಹೋಗುತ್ತೆ. ಮೂರು ನಾಲ್ಕು ಗಂಟೆ ಹೊತ್ತಿಗೆ ನೆಲ ಚೆನ್ನಾಗಿ ಕಾದಿರುತ್ತೆ, ಪಶ್ಚಿಮದಿಂದ ಒಣಗಾಳಿಯ ಗಡಿ ಪೂರ್ವಕ್ಕೆ ತಳ್ತಾ ಬರುತ್ತೆ, ಇದಕ್ಕೆ ಡ್ರೈಲೈನ್ ಅಂತಾರೆ, ಆ ಗಡಿಲಿ ಹಸಿ ಗಾಳಿ ಮೇಲಕ್ಕೆ ಒತ್ತಲ್ಪಟ್ಟು ಎಲ್ಲೋ ಒಂದ್ಕಡೆ ಕೆನೆ ತೂತಾಗುತ್ತೆ. ಅಷ್ಟೇ ಸಾಕು. ಅರ್ಧ-ಮುಕ್ಕಾಲು ಗಂಟೇಲಿ ಹೂಕೋಸಿನ ಥರ ಮೋಡ ಹದಿನೈದು ಕಿಲೋಮೀಟರ್ ಎತ್ತರಕ್ಕೆ ಏರಿಬಿಡುತ್ತೆ. ಒಳಗಿನ ಗಾಳಿ ಗಂಟೆಗೆ 150 ಕಿಲೋಮೀಟರ್ ವೇಗದಲ್ಲಿ ಮೇಲಕ್ಕೆ ಹೋಗ್ತಿರಬಹುದು, ಕ್ರಿಕೆಟ್ ಬಾಲ್ ಗಾತ್ರದ ಆಲಿಕಲ್ಲನ್ನ ಬೀಳೋಕೆ ಬಿಡದೆ ಹಿಡ್ಕೊಳೋವಷ್ಟು.

ಬೆಳಗ್ಗೆಯಿಂದ ಮೋಡ ಕವಿದು ಮಳೆ ಹನೀತಾ ಇದ್ರೆ ಬಹಳಷ್ಟು ಸಲ ಅಪಾಯ ಕಡಿಮೆ, ಯಾಕಂದ್ರೆ ಶಕ್ತಿ ಸೋರಿ ಹೋಗಿರುತ್ತೆ. ಮೇ ತಿಂಗಳ ಸೆಕೆಯ, ಮೈ ಅಂಟಂಟಾಗೋ, ತೆಂಕಣ ಗಾಳಿ ಬೀಸೋ ಬಿಸಿಲಿನ ದಿನಾನೇ ಇಲ್ಲಿನ ಹಳಬರಿಗೆ ಭಯ.

ಸರಿ, ಮೋಡ ಎದ್ದಿತು. ಅದು ತಿರುಗೋಕೆ ಯಾಕೆ ಶುರು ಮಾಡುತ್ತೆ?

ಇದನ್ನ ಅರ್ಥ ಮಾಡ್ಕೊಂಡ್ರೆ ಅರ್ಧ ಟಾರ್ನೇಡೋ ಅರ್ಥ ಆದಂಗೆ. ಬಿಸಿ ಗಾಳಿ ತಣ್ಣನೆ ಗಾಳಿ ಡಿಕ್ಕಿ ಹೊಡೆದು ಸುತ್ತುತ್ತೆ ಅಂತ ಸ್ಕೂಲ್ ಪುಸ್ತಕದಲ್ಲಿ ಇರುತ್ತಲ್ಲ, ಅದು ಪೂರ್ತಿ ಸರಿ ಅಲ್ಲ. ಡಿಕ್ಕಿ ದಿನಾ ಆಗುತ್ತೆ, ಟಾರ್ನೇಡೋ ದಿನಾ ಆಗಲ್ಲ.

ಅಜ್ಜಿ ದೇವರ ದೀಪಕ್ಕೆ ಬತ್ತಿ ಹೊಸೀತಿದ್ದಿದ್ದು ನೆನಪಿಸ್ಕೊಳ್ಳಿ. ಕೆಳಗಿನ ಅಂಗೈ ಸುಮ್ನಿರುತ್ತೆ, ಮೇಲಿನ ಅಂಗೈ ಮುಂದಕ್ಕೆ ಹೋಗುತ್ತೆ, ನಡುವೆ ಇರೋ ಹತ್ತಿ ಮಲಗಿದ ಹಾಗೇ ಉರುಳುತ್ತೆ. ಗಾಳಿಲೂ ಅಷ್ಟೇ. ನೆಲದ ಹತ್ರ ಗಾಳಿ ಆಗ್ನೇಯದಿಂದ ನಿಧಾನಕ್ಕೆ, ಐದಾರು ಕಿಲೋಮೀಟರ್ ಮೇಲೆ ಪಶ್ಚಿಮದಿಂದ ಅದರ ಮೂರ್ನಾಲ್ಕು ಪಟ್ಟು ಜೋರಾಗಿ ಬೀಸ್ತಿದ್ರೆ ನಡುವಿನ ಗಾಳಿ ಕಣ್ಣಿಗೆ ಕಾಣದ ಬತ್ತಿ ಥರ ನೆಲಕ್ಕೆ ಅಡ್ಡಲಾಗಿ ಹೊಸೆದುಕೊಳ್ತಿರುತ್ತೆ. ಎತ್ತರಕ್ಕೆ ಹೋದಂಗೆ ಗಾಳಿಯ ವೇಗ, ದಿಕ್ಕು ಬದಲಾಗೋ ಇದನ್ನ ವಿಂಡ್ ಶಿಯರ್ ಅಂತಾರೆ. ಇದೇ ಇಲ್ದಿದ್ರೆ ಮುಂದಿನ ಕತೆನೇ ಇಲ್ಲ.

ಈಗ ಆ ಮೋಡ ಕೆಳಗಿನ ಗಾಳಿಯನ್ನ ಮೇಲಕ್ಕೆ ಹೀರ್ತಾ ಇದೆ ಅಲ್ವಾ, ಅದರ ಜೊತೆ ಈ ಮಲಗಿದ ಬತ್ತಿನೂ ಹೀರುತ್ತೆ, ಒಂದು ಕಡೆ ಎತ್ತಿದಾಗ ಮಲಗಿ ಸುತ್ತುತ್ತಿದ್ದದ್ದು ಎದ್ದು ನಿಂತು ಸುತ್ತೋಕೆ ಶುರು ಮಾಡುತ್ತೆ. ಹಾಗೆ ಮೇಲೇರೋ ಗಾಳಿನೇ ಸುತ್ತೋಕೆ ಶುರು ಮಾಡಿದ ಗುಡುಗು ಮೋಡಕ್ಕೆ ಸೂಪರ್‌ಸೆಲ್ ಅಂತ ಹೆಸರು, ಒಳಗಿನ ಸುತ್ತಿಗೆ ಮೆಸೋಸೈಕ್ಲೋನ್ ಅಂತಾರೆ, ಅಗಲ ಮೂರರಿಂದ ಹತ್ತು ಕಿಲೋಮೀಟರ್. ದೂರದಿಂದ ನೋಡಿದ್ರೆ ಇಡೀ ಮೋಡ ಕುಂಬಾರನ ತಿಗರಿ ಮೇಲಿನ ಮಡಕೆ ಥರ ಪಟ್ಟೆ ಪಟ್ಟೆಯಾಗಿ ನಿಧಾನಕ್ಕೆ ತಿರುಗ್ತಿರೋದು ಕಣ್ಣಿಗೇ ಕಾಣುತ್ತೆ, ನಾನು ಒಂದೇ ಒಂದು ಸಲ ನೋಡಿದೀನಿ, ಮೈ ಜುಂ ಅಂತು.

ಶಿಯರ್‌ನಿಂದ ಇನ್ನೊಂದು ಲಾಭ ಇದೆ ಮೋಡಕ್ಕೆ. ಸಾಮಾನ್ಯ ಗುಡುಗು ಮಳೆ ಅರ್ಧ ಮುಕ್ಕಾಲು ಗಂಟೇಲಿ ಮುಗಿಯುತ್ತೆ, ಯಾಕಂದ್ರೆ ಮಳೆ ತಾನು ಹುಟ್ಟಿದ ಗಾಳಿಯ ಮೇಲೇ ಬಿದ್ದು ಅದನ್ನ ತಣ್ಣಗೆ ಮಾಡಿ ಉಸಿರು ಕಟ್ಟಿಸುತ್ತೆ. ಇಲ್ಲಿ ಮೇಲಿನ ಜೋರು ಗಾಳಿ ಮಳೆ, ಆಲಿಕಲ್ಲು ಎಲ್ಲ ಆಚೆಗೆ ತಳ್ಳಿಬಿಡುತ್ತೆ, ಮೇಲೇರೋ ದಾರಿ ಖಾಲಿ ಇರುತ್ತೆ, ಮೋಡ ಗಂಟೆಗಟ್ಟಲೆ ಬದುಕುತ್ತೆ.

ಆ ಸುತ್ತು ನೆಲದ ತನಕ ಇಳಿಯೋದು ಹೇಗೆ?

ಕಷ್ಟದ ಪ್ರಶ್ನೆ, ನನಗೆ ಇಷ್ಟದ ಪ್ರಶ್ನೆನೂ ಹೌದು. ಮೇಲೆ ಹೇಳಿದ ಸುತ್ತು ಮೋಡದೊಳಗೆ ಒಂದೆರಡು ಕಿಲೋಮೀಟರ್ ಎತ್ತರದಲ್ಲಿರುತ್ತೆ. ಬತ್ತಿ ಎದ್ದು ನಿಲ್ಲೋದು ಮೇಲೇರ್ತಾ ಏರ್ತಾ, ಅಂದ್ರೆ ಪೂರ್ತಿ ನಿಲ್ಲೋ ಹೊತ್ತಿಗೆ ಅದು ನೆಲ ಬಿಟ್ಟು ದೂರ ಹೋಗಿರುತ್ತೆ. ಹಾಗಾದ್ರೆ ನೆಲದ ಹತ್ರ ಸುತ್ತು ಎಲ್ಲಿಂದ ಬರಬೇಕು?

ಇಲ್ಲಿ ಬರೋದು ಕೆಳಗಿಳಿಯೋ ಗಾಳಿ. ಮೋಡದ ಹಿಂಭಾಗದಲ್ಲಿ ಮಳೆ ಬಿದ್ದು ಆರಿ, ಅಲ್ಲಿನ ಗಾಳಿ ತಂಪಾಗಿ ಭಾರ ಆಗಿ ನೆಲಕ್ಕೆ ಇಳಿಯುತ್ತೆ, ಮತ್ತೆ ಸುತ್ತೋ ಜಾಗದ ಬೆನ್ನಿಗೆ ಶಾಲು ಹೊದ್ದಂಗೆ ಸುತ್ಕೊಳುತ್ತೆ. ತಂಪು ಗಾಳಿ ಮತ್ತೆ ಬಿಸಿ ಗಾಳಿ ಪಕ್ಕಪಕ್ಕ ಬಂದಾಗ ಆ ಅಂಚಲ್ಲೇ ಹೊಸ ಸುತ್ತು ಹುಟ್ಟುತ್ತೆ, ಅದು ಇಳಿಯೋ ಗಾಳಿ ಜೊತೆಗೇ ನೆಲಕ್ಕೆ ಬರುತ್ತೆ. ಈಗ ಮೇಲಿರೋ ಮೆಸೋಸೈಕ್ಲೋನ್ ಅದನ್ನ ಕೆಳಗಿಂದ ಹೀರ್ಕೊಂಡು ಮೇಲಕ್ಕೆ ಎಳೆದ್ರೆ, ಅಗಲವಾಗಿ ನಿಧಾನಕ್ಕೆ ಸುತ್ತುತ್ತಿದ್ದ ಗಾಳಿ ಉದ್ದಕ್ಕೆ ಎಳೆದುಕೊಂಡು ಸಣ್ಣಗಾಗುತ್ತೆ, ಸಣ್ಣಗಾದಷ್ಟೂ ವೇಗ ಏರುತ್ತೆ. ಅಪ್ಪಾಲೆ ತಿಪ್ಪಾಲೆ ಆಡುವಾಗ ಕೈ ಚಾಚಿ ತಿರುಗ್ತಾ ಇದ್ದು ತಟ್ಟನೆ ಕೈ ಎದೆಗೆ ಒತ್ಕೊಂಡ್ರೆ ಸುತ್ತು ಜೋರಾಗುತ್ತಲ್ಲ, ಅದೇ ಲೆಕ್ಕ. ಒಂದು ಕಿಲೋಮೀಟರ್ ಅಗಲದ ಸೋಮಾರಿ ಸುತ್ತು ನೂರಿನ್ನೂರು ಮೀಟರ್‌ಗೆ ಕುಗ್ಗಿದ್ರೆ ಮನೆ ಹಾರಿಸೋ ಗಾಳಿ.

ಆದ್ರೆ ಹೀರ್ಕೊಳೋಕೆ ಆಗಬೇಕಲ್ಲ! ಇಳಿದು ಬಂದ ಗಾಳಿ ತೀರಾ ತಣ್ಣಗಿದ್ರೆ ಕಲ್ಲಿನ ಥರ ಭಾರ, ಮೇಲಿಂದ ಎಷ್ಟು ಎಳೆದ್ರೂ ಏಳಲ್ಲ, ಸುತ್ತು ಅಲ್ಲೇ ಹರಡಿ ಹೋಗುತ್ತೆ. ಸ್ವಲ್ಪ ಮಾತ್ರ ತಂಪಾಗಿದ್ರೆ ಏಳುತ್ತೆ. ಒಂದೆರಡು ಡಿಗ್ರಿ ವ್ಯತ್ಯಾಸದಲ್ಲಿ ಒಂದು ಊರು ಉಳಿಯುತ್ತೆ ಅಥ್ವಾ ಹೋಗುತ್ತೆ. ಮೋಡದ ತಳ ನೆಲಕ್ಕೆ ಹತ್ರ ಇರೋ, ಗಾಳಿ ಚೆನ್ನಾಗಿ ಹಸಿಯಾಗಿರೋ ದಿನ ಅಪಾಯ ಜಾಸ್ತಿ ಅನ್ನೋದು ಇದೇ ಕಾರಣಕ್ಕೆ, ಹಸಿ ಗಾಳಿಲಿ ಮಳೆ ಕಡಿಮೆ ಆರುತ್ತೆ, ಇಳಿಯೋ ಗಾಳಿ ತೀರಾ ತಣ್ಣಗಾಗಲ್ಲ.

ರಾಡಾರ್‌ನಲ್ಲಿ ಮೆಸೋಸೈಕ್ಲೋನ್ ಕಂಡ ಮೋಡಗಳಲ್ಲಿ ಹೆಚ್ಚಂದ್ರೆ ನಾಲ್ಕರಲ್ಲಿ ಒಂದು ಟಾರ್ನೇಡೋ ಹುಟ್ಟಿಸುತ್ತೆ. ಪಕ್ಕಪಕ್ಕದ ಎರಡು ಸೂಪರ್‌ಸೆಲ್, ಒಂದೇ ಗಾಳಿ ಒಂದೇ ಹಸಿ, ಒಂದು ಹುಟ್ಟಿಸುತ್ತೆ ಇನ್ನೊಂದು ಬರೀ ಆಲಿಕಲ್ಲು ಸುರಿಸಿ ಹೋಗುತ್ತೆ, ಅದ್ಯಾಕೆ ಅನ್ನೋದಕ್ಕೆ ವಿಜ್ಞಾನಿಗಳ ಹತ್ರ ಪೂರ್ತಿ ಉತ್ತರ ಇವತ್ತಿಗೂ ಇಲ್ಲ. ಇದಕ್ಕೇ ಅಂತ 1994-95ರಲ್ಲಿ ವಾರ್ಟೆಕ್ಸ್, ಆಮೇಲೆ 2009-10ರಲ್ಲಿ ವಾರ್ಟೆಕ್ಸ್-2 ಅಂತ ದೊಡ್ಡ ಅಧ್ಯಯನಗಳನ್ನ ಮಾಡಿದ್ರು, ಲಾರಿ ಮೇಲೆ ರಾಡಾರ್ ಕಟ್ಕೊಂಡು ಮೋಡದ ಹಿಂದೆ ತಿಂಗಳುಗಟ್ಟಲೆ ಓಡಾಡಿದ್ರು.

ವಿಡಿಯೋದಲ್ಲಿ ಆನೆ ಸೊಂಡಿಲು ಮೋಡದಿಂದ ಕೆಳಗೆ ಇಳಿಯೋದು ಕಾಣುತ್ತಲ್ಲ, ಹುಟ್ಟೋದು ಮೇಲೆನೇ ತಾನೆ?

ಕಣ್ಣಿಗೆ ಹಾಗೆ ಕಾಣುತ್ತೆ. ಆದ್ರೆ ಗಾಳಿಗೆ ಬಣ್ಣ ಇಲ್ಲ, ನಮಗೆ ಕಾಣೋದು ನೀರಿನ ಹನಿ ಮತ್ತೆ ಧೂಳು ಅಷ್ಟೇ. ಸುತ್ತಿನ ಒಳಗೆ ಒತ್ತಡ ಕುಸಿದಾಗ ಗಾಳಿ ತಣ್ಣಗಾಗಿ ಹಸಿ ಮೋಡ ಆಗುತ್ತೆ, ಅದು ಮೊದಲು ಆಗೋದು ಮೋಡದ ತಳದಲ್ಲಿ, ಆಮೇಲೆ ಒತ್ತಡ ಇನ್ನೂ ಕುಸಿದಂಗೆ ಕೆಳಕ್ಕೆ. ಈಚೆಗೆ ಬೇಗ ಬೇಗ ಸ್ಕ್ಯಾನ್ ಮಾಡೋ, ಲಾರಿ ಮೇಲಿನ ಮೊಬೈಲ್ ರಾಡಾರ್ ಇಟ್ಟು ನೋಡಿದಾಗ, ಬಿರುಸು ಸುತ್ತು ಎಷ್ಟೋ ಸಲ ನೆಲದ ಹತ್ರಾನೇ ಮೊದಲು ಕಾಣ್ತು, ಇಲ್ಲಾಂದ್ರೆ ಮೇಲೆ ಕೆಳಗೆ ಒಟ್ಟಿಗೇ. ಇದು ತಮಾಷೆ ವಿಷಯ ಅಲ್ಲ. ಸೊಂಡಿಲು ಇನ್ನೂ ಅರ್ಧ ಮೇಲಿದೆ ಅಂತ ಮೊಬೈಲ್ ಹಿಡಿದು ನಿಂತವರ ಕಾಲಡಿ ಆಗ್ಲೇ ಟಾರ್ನೇಡೋ ಇರಬಹುದು, ಧೂಳು ಏಳ್ತಿದೆಯಾ ನೋಡ್ಬೇಕು.

ಒತ್ತಡ ಎಷ್ಟು ಕುಸಿಯುತ್ತೆ ಅನ್ನೋದಕ್ಕೆ ಒಂದು ಅಳತೆ ಇದೆ. ಟಿಮ್ ಸಮಾರಸ್ ಅನ್ನೋ ಎಂಜಿನಿಯರ್ 2003 ಜೂನ್ 24ಕ್ಕೆ ಸೌತ್ ಡಕೋಟದ ಮ್ಯಾಂಚೆಸ್ಟರ್ ಅನ್ನೋ ಪುಟ್ಟ ಊರಿನ ಹತ್ರ ಟಾರ್ನೇಡೋ ಬರೋ ದಾರೀಲಿ ತಾನೇ ಮಾಡಿದ ಯಂತ್ರ ಇಟ್ಟು ಓಡಿ ಬಂದ, ಅದರ ಮೇಲೇ ಹಾದು ಹೋಯ್ತು, 100 ಮಿಲಿಬಾರ್ ಕುಸಿತ ದಾಖಲಾಯ್ತು. ಸಮುದ್ರ ಮಟ್ಟದಿಂದ ಸುಮಾರು ಒಂದು ಕಿಲೋಮೀಟರ್ ಎತ್ತರಕ್ಕೆ ಕೆಲವೇ ಸೆಕೆಂಡಲ್ಲಿ ಎತ್ತಿದಂಗೆ ಅದು.

ಭೂಮಿ ತಿರುಗೋದ್ರಿಂದ ಇದು ತಿರುಗುತ್ತಾ?

ನೇರವಾಗಿ ಅಲ್ಲ. ಸೈಕ್ಲೋನ್ ದೊಡ್ಡದು, ಅದಕ್ಕೆ ಭೂಮಿ ಸುತ್ತೋದು ನಾಟುತ್ತೆ. ಟಾರ್ನೇಡೋ ಚಿಕ್ಕದು, ಬೇಗ ಮುಗಿಯೋದು. ಉತ್ತರ ಗೋಳಾರ್ಧದಲ್ಲಿ ಬಹುಪಾಲು ಗಡಿಯಾರಕ್ಕೆ ಎದುರು ದಿಕ್ಕಲ್ಲಿ ಸುತ್ತೋದು ಯಾಕಂದ್ರೆ ಇಲ್ಲಿ ಗಾಳಿ ಎತ್ತರಕ್ಕೆ ಹೋದಂಗೆ ದಕ್ಷಿಣದಿಂದ ಪಶ್ಚಿಮಕ್ಕೆ ತಿರುಗುತ್ತೆ. ಉಲ್ಟಾ ಸುತ್ತೋವೂ ಅಪರೂಪಕ್ಕೆ ಆಗ್ತವೆ.

ಇಎಫ್-5 ಅಂತಾರಲ್ಲ, ಅದು ಗಾಳಿಯ ವೇಗಾನಾ, ಗಾತ್ರಾನಾ?

ಎರಡೂ ಅಲ್ಲ, ಹಾನಿ ನೋಡಿ ಹಾಕೋ ಮಾರ್ಕ್ಸು. ಟೆಡ್ ಫುಜಿಟ ಅಂತ ಜಪಾನಿನಿಂದ ಬಂದು ಚಿಕಾಗೋ ಯೂನಿವರ್ಸಿಟಿಲಿ ಇದ್ದ ವಿಜ್ಞಾನಿ 1971ರಲ್ಲಿ ಈ ಸ್ಕೇಲ್ ಮಾಡಿದ್ರು. ಯುದ್ಧ ಮುಗಿದಾಗ ನಾಗಸಾಕಿ, ಹಿರೋಶಿಮಾದಲ್ಲಿ ಬಾಂಬಿನ ಗಾಳಿ ಮರಗಳನ್ನ ಯಾವ ದಿಕ್ಕಿಗೆ ಕೆಡವಿದೆ ಅಂತ ನೋಡಿ ಬಂದ ಮನುಷ್ಯ ಅವರು, ಬಿದ್ದ ವಸ್ತು ನೋಡಿ ಗಾಳಿ ಓದೋ ಕಣ್ಣು ಅಲ್ಲಿಂದ ಬಂದಿದ್ದು. 2007ರಲ್ಲಿ ಸ್ಕೇಲ್ ತಿದ್ದಿ ಇಎಫ್ (ಎನ್‌ಹ್ಯಾನ್ಸ್ಡ್ ಫುಜಿಟ) ಅಂತ ಮಾಡಿದ್ರು, 0ಯಿಂದ 5ರ ತನಕ, 5 ಅಂದ್ರೆ ಗಂಟೆಗೆ 322 ಕಿಲೋಮೀಟರ್‌ಗಿಂತ ಜಾಸ್ತಿ ಅಂತ ಅಂದಾಜು.

ಹಾನಿ ನೋಡಿ ಅಳೆಯೋದ್ರಲ್ಲಿ ಒಂದು ತೊಂದರೆ ಇದೆ. 2013 ಮೇ 31ಕ್ಕೆ ಒಕ್ಲಹೋಮದ ಎಲ್ ರೀನೋ ಹತ್ರ ಬಂದಿದ್ದು 4.2 ಕಿಲೋಮೀಟರ್ ಅಗಲ, ಇಲ್ಲಿಯ ತನಕ ದಾಖಲಾಗಿರೋದ್ರಲ್ಲೇ ಅಗಲ. ಮೊಬೈಲ್ ರಾಡಾರ್‌ಗೆ ಇಎಫ್-5 ಮಟ್ಟದ ಗಾಳಿ ಸಿಕ್ತು, ಆದ್ರೆ ಬಹುತೇಕ ಹೊಲದ ಮೇಲೆ ಹೋಗಿದ್ರಿಂದ ಮಾರ್ಕ್ಸು ಇಎಫ್-3. ಮೇಲೆ ಹೇಳಿದ ಟಿಮ್ ಸಮಾರಸ್, ಅವರ ಮಗ ಪಾಲ್, ಜೊತೆಗಾರ ಕಾರ್ಲ್ ಯಂಗ್ ಮೂವರೂ ಅವತ್ತೇ ತೀರಿಕೊಂಡಿದ್ದು. ಟಿಮ್ ಅಂತೂ ಎಷ್ಟೋ ವರ್ಷದಿಂದ ಹುಷಾರಾಗಿ ಕೆಲಸ ಮಾಡ್ಕೊಂಡು ಬಂದಿದ್ದವರು. ಟಾರ್ನೇಡೋ ನೋಡೋಕೆ ಕಾರು ತಗೊಂಡು ಹೋಗೋಣ್ವಾ ಅಂತ ಹುಡುಗ್ರು ಕೇಳಿದಾಗೆಲ್ಲ ನಾನು ಈ ಮೂರು ಹೆಸರು ಹೇಳ್ತೀನಿ.

ಇಷ್ಟೆಲ್ಲ ಟೆಕ್ನಾಲಜಿ ಇದ್ದೂ ಮುಂಚೇನೇ ಹೇಳೋಕೆ ಆಗಲ್ವಾ?

ಒಂದು ಕಾಲದಲ್ಲಿ ಟಾರ್ನೇಡೋ ಅನ್ನೋ ಪದಾನೇ ಮುನ್ಸೂಚನೇಲಿ ಬಳಸ್ತಿರಲಿಲ್ಲ, ಜನ ಗಾಬರಿ ಆಗ್ತಾರೆ ಅಂತ. ಅದು ಬದಲಾದ ಕತೆ ಚೆನ್ನಾಗಿದೆ. 1948 ಮಾರ್ಚ್ 20ರ ರಾತ್ರಿ ಒಕ್ಲಹೋಮ ಸಿಟಿ ಪಕ್ಕದ ಟಿಂಕರ್ ವಾಯುಪಡೆ ನೆಲೆಗೆ ಟಾರ್ನೇಡೋ ನುಗ್ಗಿ ವಿಮಾನಗಳನ್ನ ಪುಡಿ ಮಾಡ್ತು. ಇದನ್ನ ಮುಂಚೆ ಹೇಳೋಕೆ ಆಗುತ್ತಾ ನೋಡಿ ಅಂತ ಜನರಲ್ ಹೇಳಿದ್ರು, ಅರ್ನೆಸ್ಟ್ ಫಾಬುಶ್ ಮತ್ತೆ ರಾಬರ್ಟ್ ಮಿಲ್ಲರ್ ಅನ್ನೋ ಇಬ್ಬರು ಅಧಿಕಾರಿಗಳು ಹಳೇ ಚಾರ್ಟ್ ಎಲ್ಲ ತೆಗೆದು ಕೂತ್ರು. ಐದೇ ದಿನಕ್ಕೆ, ಮಾರ್ಚ್ 25ಕ್ಕೆ, ನಕ್ಷೆ ಮೇಲೆ ಮತ್ತೆ ಅಂಥದ್ದೇ ಜೋಡಣೆ. ಧೈರ್ಯ ಮಾಡಿ ಎಚ್ಚರಿಕೆ ಕೊಟ್ರು, ವಿಮಾನಗಳನ್ನ ಒಳಗೆ ಸೇರಿಸಿದ್ರು, ಅವತ್ತು ಸಂಜೆ ಅದೇ ನೆಲೆಗೆ ಮತ್ತೊಂದು ಟಾರ್ನೇಡೋ ಬಂತು. ಅದೇ ಮೊದಲ ಯಶಸ್ವಿ ಮುನ್ಸೂಚನೆ.

ಈಗ ಎರಡು ಹಂತ. ಟಾರ್ನೇಡೋ ವಾಚ್ ಅಂದ್ರೆ ಹಸಿ, ಶಿಯರ್, ಕಾವು ಎಲ್ಲ ಕೂಡಿದೆ, ಈ ದೊಡ್ಡ ಪ್ರದೇಶದಲ್ಲಿ ಮುಂದಿನ ಕೆಲವು ಗಂಟೇಲಿ ಆಗಬಹುದು ಅಂತ, ಇದು ಬರೋದು ಒಕ್ಲಹೋಮದ ನಾರ್ಮನ್‌ನಲ್ಲಿರೋ ಸ್ಟಾರ್ಮ್ ಪ್ರೆಡಿಕ್ಷನ್ ಸೆಂಟರಿಂದ. ಟಾರ್ನೇಡೋ ವಾರ್ನಿಂಗ್ ಅಂದ್ರೆ ರಾಡಾರಲ್ಲಿ ಸುತ್ತು ಕಂಡಿದೆ ಇಲ್ಲಾ ಯಾರೋ ಕಣ್ಣಲ್ಲಿ ನೋಡಿದಾರೆ, ಈಗ್ಲೇ ಒಳಗೆ ಹೋಗಿ. ಡಾಪ್ಲರ್ ರಾಡಾರ್ ಮಳೆಹನಿ ಹತ್ತಿರ ಬರ್ತಿದೆಯಾ ದೂರ ಹೋಗ್ತಿದೆಯಾ ಅಂತ ಅಳೆಯುತ್ತೆ, ಪರದೆ ಮೇಲೆ ಕೆಂಪು ಹಸಿರು ಎರಡೂ ಅಂಟ್ಕೊಂಡಂಗೆ ಪಕ್ಕಪಕ್ಕ ಬಂದ್ರೆ ಅಲ್ಲಿ ಸುತ್ತು ಇದೆ. ಕೊಕ್ಕೆ ಆಕಾರದ ಮಳೆ ಗುರುತು ಕಂಡ್ರೂ ಹಾಗೇನೇ. ಈಗಿನ ರಾಡಾರ್‌ಗೆ ಹಾರ್ತಿರೋದು ಮಳೆಯೋ ಮನೆಯ ಚೂರೋ ಅಂತಾನೂ ಗೊತ್ತಾಗುತ್ತೆ. ಇಷ್ಟಾದ್ರೂ ಸರಾಸರಿ ಸಿಗೋ ಟೈಮು ಹತ್ತು ನಿಮಿಷದ ಆಜುಬಾಜು. ಜೊತೆಗೆ ಎಷ್ಟೋ ವಾರ್ನಿಂಗ್ ಸುಳ್ಳಾಗುತ್ತೆ, ಆ ಒಂದೆರಡು ಡಿಗ್ರಿ ಲೆಕ್ಕ ರಾಡಾರ್‌ಗೆ ಕಾಣಲ್ಲ. ಅದಕ್ಕೇ ಮೂರು ಸಲ ಸುಳ್ಳಾಯ್ತು ಅಂತ ನಾಲ್ಕನೇ ಸಲ ಮಲಗಿಬಿಡಬೇಡಿ.

2019ರಲ್ಲಿ ನಿಮ್ಮ ಹತ್ರ ಬಂದಿದ್ದು ಹೇಗಿತ್ತು?

ಅಕ್ಟೋಬರ್ 20, ಭಾನುವಾರ, ದೀಪಾವಳಿಗೆ ಇನ್ನೊಂದು ವಾರ. ರಾತ್ರಿ ಒಂಬತ್ತರ ಸುಮಾರು, ಮಗು ಮಲಗಿತ್ತು, ನಾನು ಚಕ್ಕುಲಿ ಡಬ್ಬ ತುಂಬ್ತಾ ಇದ್ದೆ. ಫೋನ್ ಅರಚ್ತು, ಸೈರನ್ ಕೂಗ್ತು. ಟೆಕ್ಸಸ್ ಜೇಡಿಮಣ್ಣು ಹಿಗ್ಗಿ ಕುಗ್ಗೋದ್ರಿಂದ ಇಲ್ಲಿನ ಮನೆಗಳಿಗೆ ಸಾಮಾನ್ಯವಾಗಿ ನೆಲಮಾಳಿಗೆ ಇರಲ್ಲ, ಕಿಟಕಿ ಇಲ್ಲದ ಬಟ್ಟೆ ಕ್ಲಾಸೆಟ್ ಒಳಗೆ ಮೂರು ಜನ ಕೂತ್ವಿ, ಮಗು ತಲೆಗೆ ಸೈಕಲ್ ಹೆಲ್ಮೆಟ್ ಹಾಕಿ. ಕರೆಂಟ್ ಹೋಯ್ತು. ಎಲ್ರೂ ರೈಲಿನ ಸದ್ದು ಅಂತಾರೆ, ನನಗೆ ಕೇಳಿಸಿದ್ದು ಜೋಗದಲ್ಲಿ ಮಳೆಗಾಲಕ್ಕೆ ನಿಂತಾಗ ಕೇಳಿಸೋ ಆ ಬಿಡದ ಮೊರೆತ, ಮೇಲಿಂದ ಅಲ್ಲ ನೆಲದಿಂದ ಬಂದಂಗೆ. ನಾಲ್ಕೈದು ನಿಮಿಷ ಅಷ್ಟೇ. ಅದು ಇಎಫ್-3, ಉತ್ತರ ಡಾಲಸ್‌ನಿಂದ ರಿಚರ್ಡ್‌ಸನ್ ತನಕ ಸುಮಾರು 25 ಕಿಲೋಮೀಟರ್ ಓಡ್ತು, ಶಾಲೆ, ಅಂಗಡಿ, ಮನೆ ಎಲ್ಲ ಸೀಳ್ಕೊಂಡು, ಆದ್ರೂ ಒಬ್ಬರೂ ಸಾಯಲಿಲ್ಲ. ಬೆಳಗ್ಗೆ ಎದ್ದು ನೋಡಿದ್ರೆ ಒಂದೂವರೆ ಕಿಲೋಮೀಟರ್ ಆಚೆ ಬೀದಿಲಿ ಮನೆಗಳಿಗೆ ಸೂರಿಲ್ಲ, ನಮ್ಮ ಬಾಲ್ಕನಿಲಿ ತುಳಸಿ ಕುಂಡ ಇದ್ದ ಹಾಗೇ ಇತ್ತು, ಅದರ ಮಣ್ಣಿನ ಮೇಲೆ ಯಾರದೋ ಮನೆಯ ಗೋಡೆ ಒಳಗೆ ಚಳಿ ಬಿಸಿಲು ತಡೆಯೋಕೆ ತುಂಬಿದ್ದ ಗುಲಾಬಿ ಬಣ್ಣದ ಹತ್ತಿ ಅಂಟಿತ್ತು. ಅದನ್ನ ತೆಗೆದು ಬಿಸಾಕೋಕೆ ಎರಡು ದಿನ ಮನಸ್ಸು ಬರಲಿಲ್ಲ.

ಅಲ್ಲಪ್ಪ, ಇಷ್ಟು ಶ್ರೀಮಂತ ದೇಶ, ಮರದ ಮನೆ ಯಾಕೆ ಕಟ್ತಾರೆ? ಇಟ್ಟಿಗೆ ಸಿಮೆಂಟಲ್ಲಿ ಕಟ್ಟಿದ್ರೆ ನಿಲ್ಲಲ್ವಾ?

ನಮ್ಮಪ್ಪ ಪ್ರತಿ ವರ್ಷ ಕೇಳ್ತಾರೆ. ಮರ ಇಲ್ಲಿ ಅಗ್ಗ, ಬೇಗ ಕಟ್ಟಬಹುದು, ಮತ್ತೆ ಯಾವುದೇ ಒಂದು ಮನೆಗೆ ಅದರ ಆಯಸ್ಸಲ್ಲಿ ದೊಡ್ಡ ಟಾರ್ನೇಡೋ ತಗಲೋ ಸಾಧ್ಯತೆ ಬಹಳ ಕಡಿಮೆ. ಕಾಂಕ್ರೀಟ್ ಖಂಡಿತ ಗಟ್ಟಿ, ಆದ್ರೆ ಗಾಳಿಗಿಂತ ಗಾಳಿ ಹೊತ್ತು ತರೋ ಕಾರು, ಮರದ ತೊಲೆ, ತಗಡು ಕೊಲ್ಲೋದು. 2011 ಮೇ 22ಕ್ಕೆ ಮಿಸೌರಿಯ ಜಾಪ್ಲಿನ್‌ನಲ್ಲಿ ಇಎಫ್-5 ಬಂದು 158 ಜನ ಸತ್ರು, ಅಲ್ಲಿನ ಬಹುಮಹಡಿ ಆಸ್ಪತ್ರೆ ಕಟ್ಟಡ ನಿಂತೇನೋ ಇತ್ತು, ಕಿಟಕಿ ಎಲ್ಲ ಹೋಗಿ ಒಳಗೆಲ್ಲ ನಾಶ ಆಗಿ ಕೊನೆಗೆ ಕೆಡವಬೇಕಾಯ್ತು. ನನ್ನ ಪ್ರಕಾರ ಸರಿಯಾದ ದಾರಿ ಅಂದ್ರೆ ಇಡೀ ಮನೆ ಅಲ್ಲ, ಮನೆ ಒಳಗೆ ಒಂದು ಸಣ್ಣ ಕಾಂಕ್ರೀಟ್ ಅಥ್ವಾ ಉಕ್ಕಿನ ಸೇಫ್ ರೂಮು, ಮತ್ತೆ ಪ್ರತಿ ಶಾಲೇಲೂ ಒಂದು. 2013 ಮೇ 20ಕ್ಕೆ ಒಕ್ಲಹೋಮದ ಮೂರ್ ಅನ್ನೋ ಊರಲ್ಲಿ ಪ್ಲಾಜಾ ಟವರ್ಸ್ ಪ್ರಾಥಮಿಕ ಶಾಲೇಲಿ ಏಳು ಮಕ್ಕಳು ಸತ್ರು, ಅಲ್ಲಿ ಅಂಥ ರೂಮ್ ಇರಲಿಲ್ಲ. ಆಮೇಲೆ ಕಟ್ಟಿದ ಹೊಸ ಶಾಲೇಲಿ ಇದೆ.

ಕಿಟಕಿ ತೆಗೆದಿಟ್ರೆ ಮನೆ ಸಿಡಿಯಲ್ಲ ಅಂತಾರೆ, ನಿಜಾನಾ? ಸೇತುವೆ ಕೆಳಗೆ ನಿಂತ್ರೆ?

ಎರಡೂ ಸುಳ್ಳು. ಒತ್ತಡಕ್ಕೆ ಮನೆ ಸಿಡಿಯಲ್ಲ, ಗಾಳಿ ಒಳಗೆ ನುಗ್ಗಿ ಸೂರನ್ನ ಎತ್ತುತ್ತೆ, ಕಿಟಕಿ ತೆಗೆದ್ರೆ ಅದಕ್ಕೆ ಬಾಗಿಲು ತೆಗೆದುಕೊಟ್ಟಂಗೆ, ಜೊತೆಗೆ ಗಾಜಿನ ಮುಂದೆ ನಿಂತು ಟೈಮ್ ಬೇರೆ ಹಾಳು. ಸೇತುವೆ ಕೆಳಗೆ ಅಡಗಿದ್ದು ಉಳಿದ ಒಂದು ವಿಡಿಯೋ 1991ರಲ್ಲಿ ಕ್ಯಾನ್ಸಸ್‌ನಿಂದ ಬಂತು, ಲೋಕ ಎಲ್ಲ ನೋಡ್ತು, ನಂಬ್ತು. 1999 ಮೇ 3ರ ಒಕ್ಲಹೋಮ ಟಾರ್ನೇಡೋಗಳಲ್ಲಿ ಹಾಗೇ ಸೇತುವೆ ಕೆಳಗೆ ಅಡಗಿದವರಲ್ಲಿ ಮೂವರು ಸತ್ರು. ಇಕ್ಕಟ್ಟಲ್ಲಿ ಗಾಳಿ ಇನ್ನೂ ಬಿರುಸಾಗುತ್ತೆ, ಚೂರು ಬಂದು ಬಡಿಯುತ್ತೆ. ದೊಡ್ಡ ಸಿಟಿಗೆ ಟಾರ್ನೇಡೋ ಬರಲ್ಲ ಅನ್ನೋದೂ ಸುಳ್ಳು, ಫೋರ್ಟ್‌ವರ್ತ್ ಡೌನ್‌ಟೌನ್‌ಗೇ 2000ದಲ್ಲಿ ಬಂದಿತ್ತು.

ಮಾಡಬೇಕಾಗಿರೋದು ಇಷ್ಟೇ: ಅತಿ ಕೆಳಗಿನ ಮಹಡಿ, ಮನೆಯ ನಡುಭಾಗ, ಕಿಟಕಿ ಇಲ್ಲದ ಚಿಕ್ಕ ಕೋಣೆ, ತಲೆಗೆ ಹೆಲ್ಮೆಟ್, ಕಾಲಿಗೆ ಶೂ. ಆಮೇಲೆ ಹೊರಗೆ ಬಂದಾಗ ಮೊಳೆ ಗಾಜಿನ ಮೇಲೆ ನಡೀಬೇಕಾಗುತ್ತೆ, ಶೂ ಮರೀಬೇಡಿ.

ನಮ್ಮ ಕರ್ನಾಟಕಕ್ಕೆ ಬರುತ್ತಾ?

ಇಲ್ಲಿನ ಥರದ ದೈತ್ಯ ಬರೋದು ತೀರಾ ಕಷ್ಟ. ಏಪ್ರಿಲ್-ಮೇ ತಿಂಗಳ ಮಾವಿನ ಮಳೆ ನೆನಪಿಸ್ಕೊಳ್ಳಿ, ಕಾವು ಇದೆ, ಹಸಿ ಇದೆ, ಗುಡುಗು ಸಿಡಿಲು ಆಲಿಕಲ್ಲು ಎಲ್ಲ ಇದೆ, ಬತ್ತಿ ಹೊಸೆಯೋ ಕೈ ಮಾತ್ರ ಇಲ್ಲ. ಪಶ್ಚಿಮದ ಜೆಟ್ ಸ್ಟ್ರೀಮ್ ನಮಗಿಂತ ಎಷ್ಟೋ ಉತ್ತರಕ್ಕೆ ಇರುತ್ತೆ, ನಮ್ಮ ಮೇಲೆ ಎತ್ತರದ ಗಾಳಿ ಆ ಹೊತ್ತಲ್ಲಿ ಮೆತ್ತಗಿರುತ್ತೆ. ಹಂಗಾಗಿ ಮೋಡ ಏಳುತ್ತೆ, ಸುರಿಯುತ್ತೆ, ತನ್ನ ಮಳೇಲೇ ತಾನು ಮುಳುಗಿ ಮುಗಿಯುತ್ತೆ. ಮರ ಬೀಳೋದು, ತಗಡು ಹಾರೋದು ಬಹುಪಾಲು ಆ ಮಳೆ ಜೊತೆ ಧಪ್ ಅಂತ ಇಳಿದು ಹರಡೋ ಗಾಳಿಯಿಂದ.

ಆದ್ರೆ ಭಾರತಕ್ಕೆ ಬರಲ್ಲ ಅಂತ ಹೇಳಬೇಡಿ. 1978 ಮಾರ್ಚ್ 17ಕ್ಕೆ ಉತ್ತರ ದೆಹಲಿಗೆ ಬಂದಿದ್ದು 28 ಜನರನ್ನ ಕೊಂದಿತ್ತು. ಇನ್ನು ಬಂಗಾಳ, ಬಾಂಗ್ಲಾದೇಶದ ಕಡೆ ಮ್ಯಾಪ್ ನೋಡಿದ್ರೆ ಆಶ್ಚರ್ಯ ಆಗುತ್ತೆ, ಗಲ್ಫ್ ಜಾಗದಲ್ಲಿ ಬಂಗಾಳ ಕೊಲ್ಲಿ, ಮೆಕ್ಸಿಕೋ ಪ್ರಸ್ಥಭೂಮಿ ಜಾಗದಲ್ಲಿ ಛೋಟಾನಾಗಪುರ, ಮೇಲೆ ಜೆಟ್ ಸ್ಟ್ರೀಮ್, ಅಲ್ಲಿ ಬೇಸಿಗೆಯ ಕಾಲಬೈಶಾಖಿ ಬಿರುಮಳೆಗಳಲ್ಲಿ ಕೆಲವು ಟಾರ್ನೇಡೋ ಹುಟ್ಟಿಸ್ತವೆ. ಜಗತ್ತಲ್ಲೇ ಅತಿ ಹೆಚ್ಚು ಜನರನ್ನ ಕೊಂದ ಟಾರ್ನೇಡೋ ಅಮೆರಿಕದ್ದಲ್ಲ. ಇಲ್ಲಿನ ಅತಿ ಕೆಟ್ಟದ್ದು 1925 ಮಾರ್ಚ್ 18ರದ್ದು, ಮೂರು ರಾಜ್ಯ ದಾಟಿ 695 ಜನ ಸತ್ರು. ಬಾಂಗ್ಲಾದೇಶದ ದೌಲತ್‌ಪುರ್-ಸಾಟುರಿಯಾದಲ್ಲಿ 1989 ಏಪ್ರಿಲ್ 26ಕ್ಕೆ ಸುಮಾರು 1300. ತಗಡಿನ ಮನೆಗಳು, ಒತ್ತೊತ್ತಾಗಿ ಜನ, ಎಚ್ಚರಿಕೆ ಕೊಡೋರು ಯಾರೂ ಇಲ್ಲ. ಇದರ ಬಗ್ಗೆ ನಮ್ಮಲ್ಲಿ ಎಷ್ಟು ಕಡಿಮೆ ಮಾತಾಡ್ತಾರೆ ಅಂತ ನನಗೆ ನಿಜವಾಗ್ಲೂ ಬೇಜಾರು.

ಕ್ಲೈಮೇಟ್ ಚೇಂಜ್‌ನಿಂದ ಜಾಸ್ತಿ ಆಗ್ತಿದೆಯಾ?

ದೊಡ್ಡ ಟಾರ್ನೇಡೋಗಳ ಒಟ್ಟು ಸಂಖ್ಯೆ ಏರಿದೆ ಅನ್ನೋದಕ್ಕೆ ಸ್ಪಷ್ಟ ಪುರಾವೆ ಇಲ್ಲ. ಕಾವು, ಹಸಿ ಜಾಸ್ತಿ ಆದ್ರೆ ಮೋಡಕ್ಕೆ ಶಕ್ತಿ ಜಾಸ್ತಿ, ಆದ್ರೆ ಶಿಯರ್ ಏನಾಗುತ್ತೆ ಅನ್ನೋದು ಬೇರೆ ಲೆಕ್ಕ. ಕಂಡಿರೋ ಬದಲಾವಣೆ ಎರಡು: ಬಯಲಿಂದ ಪೂರ್ವಕ್ಕೆ, ಮಿಸಿಸಿಪಿ ಅಲಬಾಮ ಕಡೆ ಸರೀತಿದೆ, ಮತ್ತೆ ವರ್ಷದಲ್ಲಿ ಟಾರ್ನೇಡೋ ಆಗೋ ದಿನಗಳು ಕಡಿಮೆ ಆಗಿ ಒಂದೇ ದಿನ ಗುಂಪಾಗಿ ಬರೋದು ಜಾಸ್ತಿ ಆಗಿದೆ.

ಬಾಂಬ್ ಹಾಕಿ ನಿಲ್ಲಿಸೋಕೆ ಆಗಲ್ವಾ?

ಆಗಲ್ಲ. ಕೆಳಗಿನ ಕಂಬ ಒಡೆದ್ರೂ ಅದನ್ನ ಸಾಕ್ತಿರೋ ಮೋಡ ಹಾಗೇ ಇರುತ್ತೆ.

ಹೊಸದಾಗಿ ಡಾಲಸ್‌ಗೆ ಬಂದಿದೀನಿ. ಬಿಸಿಲು ಚೆನ್ನಾಗಿದೆ, ಆದ್ರೆ ಊರಿಗೆಲ್ಲ ಕೇಳೋ ಹಾಗೆ ಸೈರನ್ ಕೂಗ್ತಿದೆ. ಏನ್ ಮಾಡ್ಲಿ?

ಗಡಿಯಾರ ನೋಡಿ. ತಿಂಗಳ ಮೊದಲನೇ ಬುಧವಾರ ಮಧ್ಯಾಹ್ನ 12 ಗಂಟೆ ಆಗಿದ್ರೆ ಅದು ಟೆಸ್ಟು, ಊಟ ಮುಂದುವರಿಸಿ, ಮನೇಲಿ ಅಪ್ಪ-ಅಮ್ಮ ಬಂದಿದ್ರೆ ಅವರಿಗೆ ಹಿಂದಿನ ದಿನಾನೇ ಹೇಳಿಡಿ. ಮೋಡ ಹಾಕಿ ಹವಾ ಕೆಟ್ಟಿರೋ ದಿನ ಟೆಸ್ಟ್ ಮಾಡಲ್ಲ, ಹಾಗಾಗಿ ಅಂಥ ದಿನ ಕೂಗಿದ್ರೆ ನಿಜವಾದದ್ದು. ಕಿಟಕಿ ಹತ್ರ ಹೋಗಿ ನೋಡೋದು ಬೇಡ, ಫೋನ್ ಚಾರ್ಜರ್ ಹುಡುಕೋದೂ ಬೇಡ, ಪಕ್ಕದ ಮನೆಯವರಿಗೆ ಒಂದು ಕೂಗು ಹಾಕಿ ಕ್ಲಾಸೆಟ್ ಒಳಗೆ ಹೋಗಿ.